ಎಣ್ಣೆಯ ಜೊತೆಗೆ ಹಿಟ್ಟೂ ಇತ್ತು



ಮುಖಕ್ಕೆ ಯಾವ ಎಣ್ಣೆ ಹಚ್ಚಬೇಕು ಎಂಬುದು ಮೇಲ್ನೋಟಕ್ಕೆ ಸಣ್ಣ ಪ್ರಶ್ನೆ. ಆದರೆ ಯಾವುದೇ ತಾಲ್ಲೂಕು ಕೇಂದ್ರದ ಅಂಗಡಿಬೀದಿಯಲ್ಲಿ ನಿಂತು ನೋಡಿದರೆ ಅದು ದೊಡ್ಡದಾಗುತ್ತದೆ. ಬಾದಾಮಿ, ಆಲಿವ್, ಕುಂಕುಮಾದಿ, ಗಂಧ, ಬೇವು ಹೀಗೆ ಸೀಸೆಗಳು ಹತ್ತಾರು. ಎಲ್ಲದರ ಮೇಲೂ 'ನೈಸರ್ಗಿಕ' ಎಂಬ ಒಂದೇ ಮುದ್ರೆ. ಕೊಳ್ಳುವವರ ಮುಖ ಮಾತ್ರ ಒಂದೇ ಬಗೆಯದಲ್ಲ. ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುವ ಹೆಂಗಸಿನ ಚರ್ಮ ಬೇರೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್ನಿನ ಕಾವಿಗೆ ಒಡ್ಡಿಕೊಂಡವರ ಚರ್ಮ ಬೇರೆ. ಮೊಡವೆ ಏಳುವ ಹದಿನಾರರ ಮಕ್ಕಳದು ಬೇರೆ. ಅರವತ್ತು ದಾಟಿದ ಅಜ್ಜಿಯದು ಬೇರೆ.

ತಪ್ಪು ಎಣ್ಣೆಯಿಂದ ಪ್ರಾಣವೇನೂ ಹೋಗುವುದಿಲ್ಲ. ತೊಂದರೆ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಎಣ್ಣೆಯಿಂದ ಮೊಡವೆ ಹೆಚ್ಚಾದಾಗ ಅನೇಕರು ಔಷಧಿ ಅಂಗಡಿಗೆ ಹೋಗಿ, ಯಾರೋ ಹೇಳಿದ 'ಬೆಳ್ಳಗಾಗುವ' ಮುಲಾಮು ತರುತ್ತಾರೆ. ಅಂಥ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಮೊದಲು ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪೇರುತ್ತದೆ, ಬಿಟ್ಟರೆ ಉರಿ ಏಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಬಿಗಿ ಮಾಡಿದ್ದು ಇದೇ ಕಾರಣಕ್ಕೆ. ಆದ್ದರಿಂದ ಮೊದಲ ಹೆಜ್ಜೆಯೇ ಸರಿಯಿರಬೇಕು.

ಅರ್ಧ ಉಳಿದ ಮಾತು

'ನಮ್ಮ ಹಿಂದಿನವರು ಎಣ್ಣೆ ಹಚ್ಚಿಕೊಂಡೇ ಚೆನ್ನಾಗಿರಲಿಲ್ಲವೇ?' ಎಂದು ಕೇಳುವವರಿದ್ದಾರೆ. ಜಾಹೀರಾತಿನವರೂ ಇದನ್ನೇ ಹೇಳುತ್ತಾರೆ. ಮಾತು ನಿಜ, ಆದರೆ ಅರ್ಧ ಮಾತ್ರ.

ಕನ್ನಡ ನಾಡಿಗೂ ಎಣ್ಣೆಗೂ ನಂಟು ಹಳೆಯದು. ಗಾಣದ ಮೇಲಿನ ತೆರಿಗೆ, ದೇವರ ನಂದಾದೀಪಕ್ಕೆ ಗಾಣದಿಂದ ಬಿಟ್ಟ ಎಣ್ಣೆ, ಇವೆರಡೂ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಎಳ್ಳು, ಹುಚ್ಚೆಳ್ಳು, ಕೊಬ್ಬರಿ ಗಾಣಿಗರ ಮನೆಗೆ ಹೋಗಿ, ಎಣ್ಣೆ ಒಂದು ಕಡೆ, ಹಿಂಡಿ ಒಂದು ಕಡೆಯಾಗಿ ತಿರುಗಿ ಬರುತ್ತಿತ್ತು. ಹರಳೆಣ್ಣೆಗೆ ಗಾಣವೂ ಬೇಕಿರಲಿಲ್ಲ. ಹರಳು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದುಕೊಳ್ಳುತ್ತಿದ್ದರು. ಹರಳಿನಲ್ಲಿರುವ ರಿಸಿನ್ ಎಂಬ ಘೋರ ವಿಷ ಎಣ್ಣೆಯಲ್ಲಿ ಕರಗುವುದಿಲ್ಲ, ಕುದಿಯುವ ಕಾವಿಗೆ ಕೆಡುತ್ತದೆ. ಅಜ್ಜಿಯರಿಗೆ ವಿಷದ ಹೆಸರು ಗೊತ್ತಿರಲಿಲ್ಲ, ಕುದಿಸುವ ಪದ್ಧತಿ ಗೊತ್ತಿತ್ತು.

ಆದರೆ ಆ ಎಣ್ಣೆ ಮೈಮೇಲೆ ಎಷ್ಟು ಹೊತ್ತು ಇರುತ್ತಿತ್ತು? ದೀಪಾವಳಿಯನ್ನೇ ನೆನೆಯಿರಿ. ಹಿಂದಿನ ಸಂಜೆ ನೀರು ತುಂಬುವ ಹಬ್ಬ. ನರಕಚತುರ್ದಶಿಯ ಮುಂಜಾನೆ ಎಣ್ಣೆ ಒತ್ತಿಸಿಕೊಂಡು, ಸ್ವಲ್ಪ ಹೊತ್ತು ನೆನೆದು, ಸೀಗೆಪುಡಿ, ಕಡಲೆಹಿಟ್ಟು ಅಥವಾ ಹೆಸರುಹಿಟ್ಟು ಹಾಕಿ ಉಜ್ಜಿ, ಹಂಡೆಯ ಬಿಸಿನೀರಿನಲ್ಲಿ ತೊಳೆಯುವುದು ಕ್ರಮ. ಹಿಟ್ಟು ಎಣ್ಣೆಯನ್ನು ಹೀರಿ ತೆಗೆಯುತ್ತಿತ್ತು. ಎಣ್ಣೆಯೊಂದೇ ಇದ್ದ ಸ್ನಾನ ನಮ್ಮಲ್ಲಿ ಇರಲಿಲ್ಲ, ಎಣ್ಣೆಯ ಜೊತೆಗೆ ಹಿಟ್ಟೂ ಇತ್ತು. ಇಂದಿನ ಸೀಸೆಯ ಮೇಲಿನ ಸೂಚನೆ ನೋಡಿ: 'ರಾತ್ರಿ ಹಚ್ಚಿ, ಬೆಳಗಿನವರೆಗೆ ಬಿಡಿ.' ಎಣ್ಣೆ ಉಳಿಯಿತು, ಹಿಟ್ಟು ಬಿಟ್ಟುಹೋಯಿತು.

ಗ್ರಂಥಗಳೂ ಇದನ್ನೇ ಹೇಳುತ್ತವೆ. ವಾಗ್ಭಟನ 'ಅಷ್ಟಾಂಗಹೃದಯ' ದಿನವೂ ಅಭ್ಯಂಗ ಮಾಡಬೇಕೆನ್ನುತ್ತದೆ. ಆದರೆ ವಿಶೇಷವಾಗಿ ಎಣ್ಣೆ ಹಚ್ಚಬೇಕಾದ ಜಾಗಗಳೆಂದು ಅದು ಹೆಸರಿಸುವುದು ತಲೆ, ಕಿವಿ, ಪಾದಗಳನ್ನು, ಮುಖವನ್ನಲ್ಲ. ಕಫ ಹೆಚ್ಚಿದವರಿಗೆ, ಅಜೀರ್ಣವಾದವರಿಗೆ ಅಭ್ಯಂಗ ಬೇಡವೆನ್ನುತ್ತದೆ. ಅಭ್ಯಂಗದ ಬಳಿಕ ಒಣಪುಡಿಯಿಂದ ಮೈ ಉಜ್ಜುವ ಉದ್ವರ್ತನ, ಆಮೇಲೆ ಸ್ನಾನ. ಮುಖಕ್ಕೆಂದು ಅದು ಬೇರೆಯದೇ ಆದ ಲೇಪಗಳನ್ನು ಹೇಳಿದೆ. ಅವೂ ಆರು ಋತುವಿಗೆ ಆರು ಬಗೆ. ಲೇಪ ಒಣಗುವ ಮೊದಲೇ ತೆಗೆಯಬೇಕೆಂಬ ಎಚ್ಚರಿಕೆಯೂ ಇದೆ. ಹನ್ನೊಂದನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಅಡುಗೆ, ವೈದ್ಯ, ತೋಟಗಾರಿಕೆಗಳ ಜೊತೆ ಸುಗಂಧ ತಯಾರಿಕೆಗೂ ಒಂದು ಅಧ್ಯಾಯವಿದೆ. ಮೈಗೆ ಹಚ್ಚುವ ವಸ್ತು ಅಳತೆಯಿಟ್ಟು ಮಾಡುವ ವಿದ್ಯೆ ಎಂಬ ಅರಿವು ಈ ನಾಡಿನಲ್ಲಿ ಸಾವಿರ ವರ್ಷದಿಂದ ಇದೆ.

ಗಂಧದ ಕಥೆಯನ್ನೂ ಇದರ ಜೊತೆಗೇ ನೋಡಬಹುದು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ತೆಗೆಯುವ ಸರ್ಕಾರಿ ಕಾರ್ಖಾನೆಗಳು ಆರಂಭವಾದವು. ಮೊದಲ ಮಹಾಯುದ್ಧದಿಂದ ಜರ್ಮನಿಗೆ ಹೋಗುತ್ತಿದ್ದ ಗಂಧದ ಕೊರಡು ನಿಂತುಹೋಗಿತ್ತು. ಅದನ್ನು ಇಲ್ಲೇ ಎಣ್ಣೆ ಮಾಡುವ ಯೋಚನೆ ಹಾಗೆ ಬಂತು. ಮನೆಮನೆಯ ರೂಢಿ ಮಾತ್ರ ಬೇರೆಯಿತ್ತು. ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ತೇಯ್ದ ಗಂಧವನ್ನೇ ಜನ ಮುಖಕ್ಕೆ ಹಚ್ಚುತ್ತಿದ್ದರು. ಬಟ್ಟಿಯಿಳಿಸಿದ ಗಂಧದೆಣ್ಣೆ ಬಹಳ ಸಾಂದ್ರವಾದದ್ದು. ಅದನ್ನು ಹಾಗೆಯೇ ಮುಖಕ್ಕೆ ಹಚ್ಚಿದರೆ ಕೆಲವರಿಗೆ ಚರ್ಮ ಕೆರಳುತ್ತದೆ.

ಎಣ್ಣೆಯೊಳಗೆ ಏನಿದೆ?

ನಮ್ಮ ಚರ್ಮ ತನ್ನ ಎಣ್ಣೆಯನ್ನು ತಾನೇ ಸ್ರವಿಸುತ್ತದೆ. ಹಣೆ, ಮೂಗು, ಗಲ್ಲದಲ್ಲಿ ಅದು ಹೆಚ್ಚು. ಹರೆಯದಲ್ಲಿ ಇನ್ನೂ ಹೆಚ್ಚು, ವಯಸ್ಸಾದಂತೆ ಕಡಿಮೆ. ಮಾಗಿಯ ಒಣಗಾಳಿಗೆ ಚರ್ಮದ ನೀರಿನಂಶ ಆರಿ ಬಿರುಕು ಬಿಡುತ್ತದೆ. ಹೊರಗಿನಿಂದ ಹಚ್ಚುವ ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಆರದಂತೆ ತಡೆಯುತ್ತದೆ. ಅದಕ್ಕೇ ಎಣ್ಣೆಯನ್ನು ಒಣಮುಖಕ್ಕಲ್ಲ, ತೊಳೆದು ಒರೆಸಿದ ತುಸು ಒದ್ದೆ ಮುಖಕ್ಕೆ ಹಚ್ಚಬೇಕು.

ಸಸ್ಯದ ಎಣ್ಣೆಗಳೆಲ್ಲ ಕೊಬ್ಬಿನ ಆಮ್ಲಗಳಿಂದ ಆದವು. ಮುಖದ ಮಟ್ಟಿಗೆ ಎರಡರ ಹೆಸರು ನೆನಪಿಟ್ಟರೆ ಸಾಕು: ಲಿನೋಲಿಯಿಕ್ ಮತ್ತು ಓಲಿಯಿಕ್. ಲಿನೋಲಿಯಿಕ್ ಹೆಚ್ಚಿರುವ ಎಣ್ಣೆ ತೆಳು, ಹಗುರ. ಚರ್ಮದ ಹೊರಪದರ ಗಟ್ಟಿಯಾಗಿರಲು ಈ ಆಮ್ಲ ಬೇಕೇ ಬೇಕು. ಓಲಿಯಿಕ್ ಹೆಚ್ಚಿರುವ ಎಣ್ಣೆ ಜಿಡ್ಡು ಜಾಸ್ತಿ. ಒಣಚರ್ಮಕ್ಕೆ ಮೃದು ಎನಿಸಿದರೂ ಅತಿಯಾದರೆ ಹೊರಪದರವನ್ನು ಸಡಿಲಗೊಳಿಸಬಲ್ಲದು. 2013ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಕೆಲವರ ತೋಳಿಗೆ ವಾರಗಟ್ಟಲೆ ಆಲಿವ್ ಎಣ್ಣೆ, ಸೂರ್ಯಕಾಂತಿ ಎಣ್ಣೆ ಹಚ್ಚಿ ಪರೀಕ್ಷಿಸಿದಾಗ, ಆಲಿವ್ ಹಚ್ಚಿದಲ್ಲಿ ಚರ್ಮದ ತಡೆ ದುರ್ಬಲವಾಗಿತ್ತು, ಸೂರ್ಯಕಾಂತಿ ಹಚ್ಚಿದಲ್ಲಿ ಹಾಗಾಗಿರಲಿಲ್ಲ. 2005ರಲ್ಲಿ ಢಾಕಾದ ಆಸ್ಪತ್ರೆಯೊಂದರ ವರದಿಯ ಪ್ರಕಾರ, ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಸೂರ್ಯಕಾಂತಿ ಎಣ್ಣೆ ಸವರಿದಾಗ ಆಸ್ಪತ್ರೆಯಲ್ಲಿ ತಗಲುವ ಸೋಂಕು ಶೇಕಡ 41ರಷ್ಟು ಕಡಿಮೆಯಾಯಿತು. ದೂರದ, ದುಬಾರಿ ಎಣ್ಣೆಯೇ ಶ್ರೇಷ್ಠ ಎಂಬ ನಂಬಿಕೆಗೆ ಇವೆರಡೂ ಉತ್ತರ.

ಯಾರಿಗೆ ಯಾವುದು?

ಮೊದಲು ಚರ್ಮದ ಬಗೆ ತಿಳಿಯಬೇಕು. ಬೆಳಿಗ್ಗೆ ಮುಖ ತೊಳೆದು ಏನನ್ನೂ ಹಚ್ಚದೆ ಒಂದು ಗಂಟೆ ಬಿಡಿ. ಆಮೇಲೆ ತೆಳು ಕಾಗದವನ್ನು ಹಣೆ, ಮೂಗು, ಕೆನ್ನೆಗಳ ಮೇಲೆ ಒತ್ತಿ ನೋಡಿ. ಎಲ್ಲ ಕಡೆ ಜಿಡ್ಡಿನ ಗುರುತು ಮೂಡಿದರೆ ಎಣ್ಣೆಚರ್ಮ. ಎಲ್ಲೂ ಮೂಡದೆ ಮುಖ ಬಿಗಿದಂತೆ ಆದರೆ ಒಣಚರ್ಮ. ಹಣೆ ಮೂಗಿಗಷ್ಟೇ ಮೂಡಿದರೆ ಮಿಶ್ರ. ಯಾವುದು ತಾಗಿದರೂ ಉರಿ, ತುರಿಕೆ, ಕೆಂಪು ಏಳುವವರದು ಸೂಕ್ಷ್ಮಚರ್ಮ.

ಎಣ್ಣೆಚರ್ಮ, ಮೊಡವೆ ಇರುವವರಿಗೆ ಮುಖದೆಣ್ಣೆ ಅಗತ್ಯವೇ ಇಲ್ಲ. ಮೊಡವೆಯುಳ್ಳವರ ಚರ್ಮದ ಜಿಡ್ಡಿನಲ್ಲಿ ಲಿನೋಲಿಯಿಕ್ ಆಮ್ಲ ಕಡಿಮೆ ಎಂದು ಸಂಶೋಧನೆಗಳು ತೋರಿಸಿವೆ ನಿಜ, ಹಾಗೆಂದು ಎಣ್ಣೆ ಹಚ್ಚಿದರೆ ಮೊಡವೆ ವಾಸಿಯಾಗುತ್ತದೆಂದು ಅರ್ಥವಲ್ಲ. ಹಚ್ಚಲೇಬೇಕೆಂದರೆ ಸೂರ್ಯಕಾಂತಿ, ಕುಸುಬೆ, ಹುಚ್ಚೆಳ್ಳಿನಂಥ ಹಗುರ ಎಣ್ಣೆಯ ಎರಡು ಹನಿ ಸಾಕು. ಸೂರ್ಯಕಾಂತಿ, ಕುಸುಬೆಗಳಲ್ಲಿ ಓಲಿಯಿಕ್ ಹೆಚ್ಚಿಸಿದ ಹೊಸ ತಳಿಗಳೂ ಇವೆ. ಸೀಸೆಯ ಚೀಟಿ ಓದಿ ಕೊಳ್ಳಬೇಕು. ಇಂಥವರು ಕೊಬ್ಬರಿ ಎಣ್ಣೆಯನ್ನು ಮುಖದಿಂದ ದೂರವಿಡುವುದು ಒಳ್ಳೆಯದು, ಅದು ರಂಧ್ರಗಳನ್ನು ಕಟ್ಟಿಸುವ ಸ್ವಭಾವದ್ದು. ತಲೆಗೆ ಹಚ್ಚಿದ ಎಣ್ಣೆ ಹಣೆಗಿಳಿದು ಏಳುವ ಮೊಡವೆಯನ್ನೂ ಮರೆಯಬಾರದು. ಅಮೆರಿಕದ ಚರ್ಮವೈದ್ಯರು 1970ರಲ್ಲೇ ಇದಕ್ಕೆ 'ಪೊಮೇಡ್ ಮೊಡವೆ' ಎಂದು ಹೆಸರಿಟ್ಟಿದ್ದಾರೆ. ಚಿಬ್ಬು ಇರುವವರೂ ಆ ಜಾಗಕ್ಕೆ ಎಣ್ಣೆ ಹಚ್ಚಬಾರದು. ಚಿಬ್ಬು ತರುವ ಸೂಕ್ಷ್ಮಜೀವಿಗೆ ಕೊಬ್ಬೇ ಆಹಾರ.

ಒಣಚರ್ಮದವರಿಗೆ, ವಯಸ್ಸಾದವರಿಗೆ ಎಳ್ಳೆಣ್ಣೆ ಒಳ್ಳೆಯ ಆಯ್ಕೆ. ಅದರಲ್ಲಿ ಆ ಎರಡೂ ಆಮ್ಲಗಳು ಹೆಚ್ಚುಕಡಿಮೆ ಸಮ. ಬಾದಾಮಿ ಎಣ್ಣೆ ಹೆಚ್ಚು ಓಲಿಯಿಕ್ ಇರುವುದು, ಚಳಿಗಾಲಕ್ಕೆ ಸರಿ. ಮೊಡವೆ ಏಳದ ಒಣಚರ್ಮಕ್ಕೆ ಕೊಬ್ಬರಿ ಎಣ್ಣೆಯೂ ಆಗುತ್ತದೆ. ಕೈಕಾಲಿಗಂತೂ ಬಹಳ ಒಳ್ಳೆಯದು. ಹರಳೆಣ್ಣೆ ಅಂಟು ಹೆಚ್ಚು. ಒಡೆದ ತುಟಿಗೆ, ಹಿಮ್ಮಡಿಗೆ ಸರಿ, ಇಡೀ ಮುಖಕ್ಕೆ ಬೇಡ. ಮಿಶ್ರಚರ್ಮದವರು ಹಣೆ ಮೂಗು ಬಿಟ್ಟು ಕೆನ್ನೆಗಷ್ಟೇ ಹಚ್ಚಿದರೆ ಸಾಕು.

ಬೇವಿನೆಣ್ಣೆ, ಹೊಂಗೆಎಣ್ಣೆ ನಮ್ಮ ಹೊಲದ ಬದುವಿನಿಂದಲೇ ಬಂದವು. ಗಿಡಕ್ಕೆ ಬಿದ್ದ ಹುಳಕ್ಕೆ, ದೀಪಕ್ಕೆ ಅವು ಉಪಯುಕ್ತ. ಮುಖಕ್ಕೆ ನೇರವಾಗಿ ಹಚ್ಚುವಷ್ಟು ಸೌಮ್ಯವಲ್ಲ. ಬೇವಿನೆಣ್ಣೆ ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ಅಪಾಯ. ಕೈಗೆ ಸಿಗದಂತೆ ಇಡಬೇಕು. ನಿಂಬೆರಸ ಬೆರೆಸಿದ ಮನೆಮದ್ದು ಹಚ್ಚಿ ಬಿಸಿಲಿಗೆ ಹೋಗಲೇಬಾರದು, ಚರ್ಮ ಸುಟ್ಟು ಕಪ್ಪುಕಲೆ ಉಳಿಯುತ್ತದೆ. ಗಿಡದಿಂದ ಬಂದದ್ದೆಲ್ಲ ನಿರಪಾಯವಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಸೂಕ್ಷ್ಮಚರ್ಮದವರು ವಾಸನೆ ಬೆರೆಸಿದ ಯಾವ ಎಣ್ಣೆಯನ್ನೂ ಮುಟ್ಟದಿರುವುದು ಲೇಸು. ಎಳ್ಳು, ಕಡಲೆಕಾಯಿ, ಬಾದಾಮಿ ತಿಂದರೆ ಒಗ್ಗದವರು ಅವುಗಳ ಎಣ್ಣೆಯನ್ನೂ ಬಿಡಬೇಕು. ಉಳಿದವರೂ ಹೊಸ ಎಣ್ಣೆಯನ್ನು ಮೊದಲು ಮೊಣಕೈ ಒಳಮಡಿಕೆಯಲ್ಲಿ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡಬೇಕು. ತುರಿಕೆ, ಗುಳ್ಳೆ ಏಳದಿದ್ದರೆ ಮುಖಕ್ಕೆ ತರಬಹುದು.

ಕೊಳ್ಳುವ ಮುನ್ನ

ಇತ್ತೀಚೆಗೆ ಮರದ ಗಾಣಗಳು ಮತ್ತೆ ಬಂದಿವೆ. ಸಂತೋಷದ ವಿಷಯ. ಆದರೆ ಗಾಣದ ಎಣ್ಣೆ ಬೇಗ ಕೆಡುತ್ತದೆ. ಲಿನೋಲಿಯಿಕ್ ಹೆಚ್ಚಿದ್ದಷ್ಟೂ ಇನ್ನೂ ಬೇಗ. ಸಣ್ಣ ಸೀಸೆಯಲ್ಲಿ ಕೊಂಡು, ಬಿಸಿಲು ತಾಗದ ಕಡೆ ಇಟ್ಟು, ಕಮಟು ವಾಸನೆ ಬಂದ ದಿನವೇ ಚೆಲ್ಲಬೇಕು. ಒಂದೇ ಬೀಜದ, ಬೇರೇನೂ ಬೆರೆಸದ ಎಣ್ಣೆಯಾದರೆ ತೊಂದರೆ ಬಂದಾಗ ಕಾರಣ ಹುಡುಕುವುದು ಸುಲಭ.

ಎಣ್ಣೆ ಮಾಡಲಾಗದ ಕೆಲಸಗಳೂ ಇವೆ. ಅದು ಬಿಸಿಲನ್ನು ತಡೆಯುವುದಿಲ್ಲ. ಗದ್ದೆಗೆ ಹೋಗುವವರಿಗೆ ತಲೆಯ ಮೇಲಿನ ಸೆರಗು, ಟೋಪಿಯೇ ಹೆಚ್ಚು ರಕ್ಷೆ. ಬಂಗನ್ನು ಅಳಿಸುವುದಿಲ್ಲ. ಮೈಬಣ್ಣವನ್ನು ಬದಲಿಸುವುದಿಲ್ಲ, ಬದಲಿಸಬೇಕಾದ ಅಗತ್ಯವೂ ಇಲ್ಲ. ಮೊಡವೆ ಗಂಟಾಗಿ ನೋಯುತ್ತಿದ್ದರೆ, ಬಂಗು ಹಬ್ಬುತ್ತಿದ್ದರೆ, ಈಗಾಗಲೇ ಮುಲಾಮಿಗೆ ಮುಖ ಒಗ್ಗಿಹೋಗಿ ಬಿಡಲಾಗದಿದ್ದರೆ ಚರ್ಮವೈದ್ಯರ ಬಳಿ ಹೋಗಬೇಕು. ನಾಚಿಕೆಪಟ್ಟು ತಡಮಾಡಿದಷ್ಟೂ ಕಲೆ ಉಳಿಯುತ್ತದೆ.

ಒಟ್ಟಿನಲ್ಲಿ ಸೀಸೆ ಕೈಗೆತ್ತಿಕೊಂಡಾಗ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಈ ಮುಖಕ್ಕೆ ಎಣ್ಣೆ ಬೇಕೇ? ಬೇಕಾದರೆ ಹಗುರದ್ದೋ ಜಿಡ್ಡಿನದ್ದೋ? ಹಚ್ಚಿದ ಮೇಲೆ ತೊಳೆಯುವುದು ಯಾವಾಗ? ಮೊದಲ ಎರಡಕ್ಕೆ ಇಂದಿನ ವಿಜ್ಞಾನ ಉತ್ತರ ಕೊಡುತ್ತದೆ. ಮೂರನೆಯದಕ್ಕೆ ಉತ್ತರ ನಮ್ಮ ಬಚ್ಚಲಮನೆಯ ಹಿಟ್ಟಿನ ಡಬ್ಬಿಯಲ್ಲೇ ಇತ್ತು. ಹಗುರ ಎಣ್ಣೆಯ ಎರಡು ಹನಿ, ಅರ್ಧ ಗಂಟೆ, ಆಮೇಲೆ ಒಂದು ಚಮಚ ನುಣುಪಾದ ಹೆಸರುಹಿಟ್ಟು ಕಲಸಿ ಮೆತ್ತಗೆ ತೊಳೆದುಕೊಳ್ಳುವುದು: ಹೆಚ್ಚಿನವರ ಮುಖಕ್ಕೆ ಇಷ್ಟು ಧಾರಾಳ.