ಮಿಶನರಿಯ ಮನೆ: ಬಾಸೆಲ್ ಮಿಶನ್ ಕುಟುಂಬಗಳ ಪಯಣ ಮತ್ತು ಸಭಾಸೇವೆ

ಬಾಸೆಲ್ ಮಿಶನ್ನಿನ ಮೊದಲ ಮೂವರು ಸೇವಕರಾದ ಸಾಮ್ಯುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು, ಅದೇ ತಿಂಗಳ ಕೊನೆಗೆ ಮಂಗಳೂರು ಸೇರಿದರು. ಇಂಗ್ಲಿಷರಲ್ಲದ ಮಿಶನರಿಗಳಿಗೂ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯ ಬಾಗಿಲು ತೆರೆದದ್ದು 1833ರ ಸನದಿನಿಂದ. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಕೊಡಗು, ನೀಲಗಿರಿ, ಮಲಬಾರುಗಳಿಗೆ ಹಬ್ಬಿದ ಈ ಸೇವೆಯ ಹೊರಮುಖ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. 1843ರ ‘ಮಂಗಳೂರ ಸಮಾಚಾರ’, ಮೋಗ್ಲಿಂಗರು ಹಳೆಯ ಕಾವ್ಯಗಳನ್ನು ಅಚ್ಚು ಹಾಕಿಸಿದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’, 1894ರ ಕಿಟೆಲ್ ನಿಘಂಟು, ಜೆಪ್ಪುವಿನ ಹಂಚಿನ ಕಾರ್ಖಾನೆ ಇವೆಲ್ಲ ಶಾಲೆಯ ಪಾಠದಲ್ಲೇ ಬರುತ್ತವೆ. ಈ ಕೆಲಸ ನಡೆದ ಮನೆಗಳು ಮಾತ್ರ ಪಾಠದಲ್ಲಿ ಬರುವುದಿಲ್ಲ. ಆ ಮನೆಗಳಲ್ಲಿ ಹೆಂಡತಿಯರಿದ್ದರು, ಮಕ್ಕಳಿದ್ದರು. ಸಭೆ ಬೆಳೆದದ್ದು ಬಹುಪಾಲು ಅವರ ದುಡಿಮೆಯಿಂದ. ಈ ವಿಚಾರ ಸಂಕಿರಣ ಚರ್ಚೆಗೆ ಎತ್ತಿಕೊಂಡಿರುವುದು ಆ ಮನೆಯನ್ನೇ.

ಮದುವೆ ಮಿಶನರಿಯ ಸ್ವಂತ ವಿಷಯವಾಗಿರಲಿಲ್ಲ. ಬಾಸೆಲಿನ ಸೆಮಿನರಿಯಲ್ಲಿ ಕಲಿಯುವಾಗ ಅವಿವಾಹಿತನಾಗಿರಬೇಕಿತ್ತು; ಸೇವಾಕ್ಷೇತ್ರದಲ್ಲಿ ಎರಡು ವರ್ಷವಾದರೂ ದುಡಿದ ಮೇಲೆ ಮದುವೆಗೆ ಬಾಸೆಲಿನ ಆಡಳಿತ ಕಮಿಟಿಯ ಅಪ್ಪಣೆ ಕೇಳಬಹುದಿತ್ತು. ಹೆಣ್ಣು ಯಾರೆಂಬುದಕ್ಕೂ ಕಮಿಟಿಯ ಒಪ್ಪಿಗೆ ಬೇಕಿತ್ತು. ಹುಡುಗಿಯ ದೈವಭಕ್ತಿ, ಆರೋಗ್ಯ, ಮನೆತನ ಎಲ್ಲವನ್ನೂ ವಿಚಾರಿಸಿದ ಬಳಿಕವೇ ಕಾಗದ ಹೊರಡುತ್ತಿತ್ತು. ವುರ್ಟೆಂಬರ್ಗಿನ ಹಳ್ಳಿಪಟ್ಟಣಗಳ ಎಷ್ಟೋ ಹುಡುಗಿಯರು ಒಮ್ಮೆಯೂ ಕಾಣದ, ಕಂಡಿದ್ದರೂ ಅರೆಬರೆ ನೆನಪಿರುವ ವರನ ಕೈಹಿಡಿಯಲು ಹಡಗು ಹತ್ತಿದರು. ಆಫ್ರಿಕಾದ ಕೇಪ್ ಸುತ್ತಿ ಬರುವ ದಾರಿಗೆ ತಿಂಗಳುಗಳೇ ಹಿಡಿಯುತ್ತಿದ್ದವು. ಈಜಿಪ್ಟಿನ ನೆಲವನ್ನು ದಾಟಿ ಕೆಂಪು ಸಮುದ್ರದಲ್ಲಿ ಮತ್ತೆ ಹಡಗು ಹಿಡಿಯುವ ದಾರಿ ಅದಕ್ಕಿಂತ ಹತ್ತಿರದ್ದು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಪಯಣ ಸುಗಮವಾಯಿತು. ಇಳಿದ ಕೆಲವೇ ದಿನಗಳಲ್ಲಿ ಮದುವೆ, ಅದರ ಬೆನ್ನಿಗೇ ಕನ್ನಡವನ್ನೋ ಮಲಯಾಳವನ್ನೋ ಕಲಿಯುವ ಕೆಲಸ. ಹೆಬಿಕ್ ಮದುವೆಯ ದಾರಿ ಹಿಡಿಯಲಿಲ್ಲ. 1859ರಲ್ಲಿ ಊರಿಗೆ ಮರಳುವವರೆಗೂ ಬ್ರಹ್ಮಚಾರಿಯಾಗಿಯೇ ಊರೂರು ಜಾತ್ರೆಗಳಲ್ಲಿ ಉಪದೇಶ ಮಾಡುತ್ತ ತಿರುಗಿದರು. ಅಂಥವರು ವಿರಳ.

ಕಮಿಟಿಯ ಕಟ್ಟಳೆಗೆ ಹೊರತಾಗಿ ಕೂಡಿಬಂದ ದಾಂಪತ್ಯ ಹೆರ್ಮನ್ ಗುಂಡರ್ಟ್ ಮತ್ತು ಜೂಲಿ ದ್ಯುಬುವಾ ಅವರದು. ಸ್ಟುಟ್‌ಗಾರ್ಟಿನ ಗುಂಡರ್ಟ್ 1836ರಲ್ಲಿ ಭಾರತಕ್ಕೆ ಬಂದದ್ದು ಆಂಟನಿ ನಾರಿಸ್ ಗ್ರೋವ್ಸ್ ಎಂಬ ಇಂಗ್ಲಿಷ್ ಮಿಶನರಿಯ ತಂಡದೊಡನೆ. ಫ್ರೆಂಚ್ ಮಾತೃಭಾಷೆಯ ಸ್ವಿಸ್ ಮಹಿಳೆ ಜೂಲಿ ಅದೇ ತಂಡದಲ್ಲಿದ್ದರು. 1838ರಲ್ಲಿ ಚಿತ್ತೂರಿನಲ್ಲಿ ಮದುವೆಯಾಗಿ, ಆ ವರ್ಷವೇ ಮಂಗಳೂರಿಗೆ ಬಂದು ಬಾಸೆಲ್ ಮಿಶನ್ ಸೇರಿ, 1839ರಲ್ಲಿ ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿ ನೆಲೆನಿಂತರು. ಗುಂಡರ್ಟರ ಮಲಯಾಳ ನಿಘಂಟಿಗೆ ಸಿಕ್ಕ ಕೀರ್ತಿ ದೊಡ್ಡದು, ಅದು ಸಲ್ಲಬೇಕಾದದ್ದೇ. ಅದೇ ಬಂಗಲೆಯಲ್ಲಿ ಜೂಲಿ ಹೆಣ್ಣುಮಕ್ಕಳಿಗೆ ನಡೆಸಿದ ವಸತಿಶಾಲೆ ಅದಕ್ಕಿಂತ ಕಡಿಮೆ ತೂಕದ ಕೆಲಸವಲ್ಲ. ಓದುಬರಹ ಹೆಣ್ಣುಮಕ್ಕಳ ಹಕ್ಕೆಂದು ಆ ಸೀಮೆಯಲ್ಲಿ ಹೆಚ್ಚಿನವರು ಎಣಿಸದಿದ್ದ ಕಾಲವದು.

ಮಿಶನರಿಯ ಹೆಂಡತಿಗೆ ಪ್ರತ್ಯೇಕ ಸಂಬಳವಿರಲಿಲ್ಲ, ಮಿಶನರಿಗಳ ಪಟ್ಟಿಯಲ್ಲಿ ಹೆಸರೂ ಇರಲಿಲ್ಲ. ಆದರೆ ಸಭೆಯ ಅರ್ಧದಷ್ಟು ಜನರ ಬಳಿಗೆ ಹೋಗಬಲ್ಲವಳು ಅವಳೊಬ್ಬಳೇ. ಗಂಡಸಾದ ಪಾದ್ರಿ ಅಂಗಳದಲ್ಲಿ ನಿಂತು ಮಾತಾಡಬಹುದಿತ್ತು, ಒಳಮನೆಗೆ ಹೋಗುವಂತಿರಲಿಲ್ಲ. ಬಾಣಂತಿಯ ಆರೈಕೆ, ಕಾಯಿಲೆಯವರ ಭೇಟಿ, ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿದ್ದ ಹೆಂಗಸರಿಗೆ ಪಾಠ, ಅನಾಥ ಮಕ್ಕಳ ಪೋಷಣೆ, ಹೊಲಿಗೆ ಕಸೂತಿಯ ತರಗತಿ ಎಲ್ಲವೂ ಅವಳ ಪಾಲಿನವು. ಕ್ರೈಸ್ತರಾದವರಿಗೆ ಜಾತಿಯ ಬಹಿಷ್ಕಾರದಿಂದ ಕಸುಬೂ ಸೂರೂ ಒಟ್ಟಿಗೆ ತಪ್ಪುತ್ತಿದ್ದವು. ನೇಯ್ಗೆ ಮಗ್ಗಗಳೂ 1865ರಲ್ಲಿ ಮಿಶನ್ನಿನ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆಯೂ ಹುಟ್ಟಿದ್ದು ಈ ಸಂಕಟದಿಂದಲೇ. ಕಾರ್ಖಾನೆ ಬರುವ ಮೊದಲು ಅಂಥವರಿಗೆ ಆಸರೆಯಾದದ್ದು ಮಿಶನ್ ಬಂಗಲೆ. ಬೇರೆ ಬೇರೆ ಜಾತಿಗಳಿಂದ ಬಂದವರು ಒಂದೇ ಪಾತ್ರೆಯಿಂದ ಪ್ರಭುಭೋಜನ ಸ್ವೀಕರಿಸುವುದು ಸುಲಭವಾಗಿರಲಿಲ್ಲ. ಆ ಹೊಸ ಬಾಳುವೆಗೆ ಜನರನ್ನು ಒಗ್ಗಿಸುವ ಕೆಲಸ ಭಾನುವಾರದ ಪ್ರಸಂಗಕ್ಕಿಂತ ಹೆಚ್ಚಾಗಿ ಅಡುಗೆಮನೆಯಲ್ಲೂ ಮಕ್ಕಳ ಶಾಲೆಯಲ್ಲೂ ನಡೆಯಿತು. ಇದರ ಇನ್ನೊಂದು ಮುಖವನ್ನೂ ಮರೆಮಾಚಬಾರದು. ಅಚ್ಚುಕಟ್ಟು, ಹೊತ್ತಿನ ಕಟ್ಟುಪಾಡು, ಉಡುಪು, ಗಂಡಹೆಂಡಿರ ಸಂಬಂಧ ಎಲ್ಲಕ್ಕೂ ಜರ್ಮನ್ ಪಯಟಿಸ್ಟ್ (ಭಕ್ತಿಪಂಥದ ಪ್ರಾಟೆಸ್ಟೆಂಟ್) ಕುಟುಂಬವೇ ಮಾದರಿ ಎಂದು ಆ ಮನೆ ನಂಬಿತ್ತು. ಸ್ಥಳೀಯ ಬದುಕಿನ ಎಷ್ಟೋ ಒಳ್ಳೆಯ ರೂಢಿಗಳು ಆ ನಂಬಿಕೆಯ ಕಣ್ಣಿಗೆ ಬೀಳಲಿಲ್ಲ.

ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದು ಇಪ್ಪತ್ತು ವರ್ಷ ಒಂಟಿಯಾಗಿಯೇ ಶಾಲೆ, ಪತ್ರಿಕೆ, ಗ್ರಂಥಸಂಪಾದನೆಗಳಲ್ಲಿ ಮುಳುಗಿದ್ದರು. 1853ರಲ್ಲಿ ಕೊಡಗಿಗೆ ಹೋದರು. ಅವರ ಆಪ್ತ ಗೆಳೆಯ, ಕನ್ನಡ ಬೈಬಲಿನ ಕೆಲಸದಲ್ಲಿ ತೊಡಗಿದ್ದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ವಿಧವೆಯಾದ ಪೌಲಿನೆ ಬಾಕ್‌ಮೈಸ್ಟರ್ ಅವರನ್ನು ಮೋಗ್ಲಿಂಗ್ 1857ರಲ್ಲಿ ಮದುವೆಯಾದರು. ಮೂರು ವರ್ಷಗಳಲ್ಲೇ ಪೌಲಿನೆಯ ಆರೋಗ್ಯ ಕೆಟ್ಟಿತು, 1860ರಲ್ಲಿ ಇಬ್ಬರೂ ಜರ್ಮನಿಗೆ ಮರಳಿದರು. ಮೋಗ್ಲಿಂಗ್ ಮತ್ತೆ ಭಾರತವನ್ನು ಕಾಣಲಿಲ್ಲ. ಕನ್ನಡ ಸಾಹಿತ್ಯದ ಚರಿತ್ರೆ ಇದನ್ನು ಅರ್ಧಕ್ಕೆ ನಿಂತ ಸಾಧನೆ ಎಂದು ನೋಡುತ್ತದೆ. ಹೆಂಡತಿಯ ಪ್ರಾಣಕ್ಕೆ ಮಿಗಿಲಾಗಿ ಸ್ವಂತ ಸಾಧನೆಯನ್ನು ಎಣಿಸದವರ ತೀರ್ಮಾನ ಎಂದು ನೋಡುವುದು ಹೆಚ್ಚು ನ್ಯಾಯ. ಅದೇ 1860ರಲ್ಲಿ ಕಿಟೆಲರ ಕೈಹಿಡಿದ ಪೌಲಿನೆ ಐತ್ 1864ರಲ್ಲಿ ತೀರಿಹೋದರು. ತಾಯಿಯಿಲ್ಲದ ಮನೆಗೆ 1867ರಲ್ಲಿ ಬಂದವರು ಆಕೆಯ ತಂಗಿ ಜೂಲಿ.

ಪಯಣ ಒಂದೇ ದಿಕ್ಕಿನದಾಗಿರಲಿಲ್ಲ. ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಕದಡಿತ್ತು. 1846ರಲ್ಲಿ ಬಾಸೆಲಿಗೆ ಹೋಗಿ, ಐದು ವರ್ಷ ಸೆಮಿನರಿಯಲ್ಲಿ ಕಲಿತು, 1851ರಲ್ಲಿ ಮಿಶನರಿಯಾಗಿ ತಾಯ್ನಾಡಿಗೆ ಮರಳಿದರು. ಕೊಡಗಿನ ಆನಂದಪುರದಲ್ಲಿ ಹೊಲೆಯ ಸಮುದಾಯದ ಕ್ರೈಸ್ತರಿಗೆ ನೆಲೆ ಒದಗಿಸುವ ಕೆಲಸದಲ್ಲಿ ಕೈಜೋಡಿಸಿದರು. 1860ರಲ್ಲಿ ವುರ್ಟೆಂಬರ್ಗಿನ ಮರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಬಿಳಿಯ ಹೆಣ್ಣು, ಭಾರತೀಯ ಪಾದ್ರಿ: ಅಂದಿನ ಯುರೋಪಿನ ಕಣ್ಣಿಗೂ ಮಂಗಳೂರಿನ ಕಣ್ಣಿಗೂ ಇದು ಅಪರೂಪದ ಸಂಸಾರ. ಕ್ರಿಸ್ತನಲ್ಲಿ ಎಲ್ಲರೂ ಸಮಾನರೆಂಬ ಉಪದೇಶ ಮನೆಯೊಳಗೆ ಎಷ್ಟು ದೂರ ನಡೆಯಬಲ್ಲದು ಎಂಬುದಕ್ಕೆ ಈ ದಾಂಪತ್ಯಕ್ಕಿಂತ ಒಳ್ಳೆಯ ಪರೀಕ್ಷೆ ಸಿಗದು.

ಈ ಮನೆಗಳ ಅತ್ಯಂತ ನೋವಿನ ಅಧ್ಯಾಯ ಮಕ್ಕಳದು. ಮಿಶನ್ನಿನ ಮುಖ್ಯಸ್ಥರಾದ ಇನ್‌ಸ್ಪೆಕ್ಟರ್ ಯೋಸೆಫ್ ಯೋಸೆನ್‌ಹಾನ್ಸ್ 1851-52ರಲ್ಲಿ ಭಾರತದ ಠಾಣೆಗಳನ್ನು ಸುತ್ತಿ ನೋಡಿ ಹೋದರು. 1853ರಲ್ಲಿ ನಿಯಮ ಬಂತು: ಮಿಶನರಿಗಳ ಮಕ್ಕಳನ್ನು ಶಾಲೆಯ ವಯಸ್ಸಿಗೆ ಬಂದಾಗ ಯುರೋಪಿಗೆ ಕಳುಹಿಸಬೇಕು. ಅವರಿಗಾಗಿ ಬಾಸೆಲಿನಲ್ಲಿ ಮಕ್ಕಳ ಮನೆ ತೆರೆಯಿತು. ಕಾರಣಗಳಲ್ಲಿ ಸತ್ಯವಿತ್ತು. ಜ್ವರ, ಅತಿಸಾರಗಳು ಎಳೆಯ ಜೀವಗಳನ್ನು ಒಯ್ಯುತ್ತಿದ್ದವು, ಜರ್ಮನ್ ಶಾಲೆಗಳಿರಲಿಲ್ಲ. ಸ್ಥಳೀಯ ಮಕ್ಕಳೊಡನೆ ಬೆಳೆದರೆ ಕೆಡುತ್ತಾರೆಂಬ ಭಯವೂ ಅದರಲ್ಲಿ ಸೇರಿತ್ತು, ಅದು ಒಪ್ಪತಕ್ಕದ್ದಲ್ಲ. ಆರೇಳು ವರ್ಷದ ಮಗುವನ್ನು ಹಡಗು ಹತ್ತಿಸಿದ ತಾಯಿ ಮತ್ತೆ ಅದನ್ನು ನೋಡುವಾಗ ಅದು ಬೆಳೆದ ಅಪರಿಚಿತ ವ್ಯಕ್ತಿಯಾಗಿರುತ್ತಿತ್ತು. ಎಷ್ಟೋ ಮಕ್ಕಳು ಆಯಾಗಳಿಂದ ಕಲಿತ ಭಾಷೆಯನ್ನು ಯುರೋಪಿನಲ್ಲಿ ಮರೆತರು.

ಗುಂಡರ್ಟರ ಮಗಳು ಮರೀಯ ಬದುಕು ಇದಕ್ಕೆ ಸಾಕ್ಷಿ. ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದ ಆಕೆಯನ್ನು, ನಿಯಮ ಬರುವ ಮೊದಲೇ, ಎಳೆಯ ಮಗುವಾಗಿದ್ದಾಗ ಯುರೋಪಿನಲ್ಲಿ ಬಿಡಲಾಯಿತು. ತಂದೆತಾಯಿಯ ಬಳಿಗೆ ಬಂದದ್ದು 1857ರಲ್ಲಿ. ಮುಂದೆ ಮಿಶನರಿ ಚಾರ್ಲ್ಸ್ ಇಸೆನ್‌ಬರ್ಗರನ್ನು ಮದುವೆಯಾಗಿ ಸಿಂಧ್ ಹೈದರಾಬಾದಿನಲ್ಲಿ ಸಂಸಾರ ಹೂಡಿದರು. 1870ರಲ್ಲಿ ಗಂಡ ತೀರಿಕೊಂಡಾಗ ಆಕೆಯ ಕೈಯಲ್ಲಿ ಇಬ್ಬರು ಗಂಡುಮಕ್ಕಳು. ಮಂಗಳೂರಿನಲ್ಲಿ ಸೇವೆಯಲ್ಲಿದ್ದು ಅನಾರೋಗ್ಯದಿಂದ 1873ರಲ್ಲಿ ಮರಳಿದ ಯೊಹಾನೆಸ್ ಹೆಸ್ಸೆ, ಕಾಲ್ವ್ ಪಟ್ಟಣದಲ್ಲಿ ಗುಂಡರ್ಟರಿಗೆ ನೆರವಾಗಿದ್ದರು. 1874ರಲ್ಲಿ ಮರೀ ಅವರನ್ನು ವರಿಸಿದರು. ಈ ದಂಪತಿಗೆ 1877ರಲ್ಲಿ ಹುಟ್ಟಿದ ಮಗ ಕಾದಂಬರಿಕಾರ ಹೆರ್ಮನ್ ಹೆಸ್ಸೆ. ಬಾಲ್ಯದಲ್ಲಿ ಕೆಲಕಾಲ ಆತನೂ ಬಾಸೆಲಿನ ಬಾಲಕರ ಮನೆಯಲ್ಲಿದ್ದ. 1911ರಲ್ಲಿ ಪೂರ್ವಕ್ಕೆ ಪಯಣ ಹೊರಟರೂ ಸಿಲೋನು, ಸುಮಾತ್ರಾಗಳಿಂದಲೇ ಹಿಂದಿರುಗಿದ. ತಾಯಿ ಹುಟ್ಟಿದ ಕರಾವಳಿಯನ್ನು ನೋಡಲಿಲ್ಲ.

1914ರ ಯುದ್ಧ ಈ ಸಂಸಾರಗಳನ್ನು ಒಡೆಯಿತು. ಬಾಸೆಲ್ ಸ್ವಿಟ್ಜರ್ಲೆಂಡಿನದಾದರೂ ಮಿಶನರಿಗಳಲ್ಲಿ ಹೆಚ್ಚಿನವರು ಜರ್ಮನರು. ಅವರಲ್ಲಿ ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿದರು. 1915 ಮತ್ತು 1916ರಲ್ಲಿ ‘ಗೋಲ್ಕೊಂಡಾ’ ಹಡಗು ಜರ್ಮನ್ ಮಿಶನರಿಗಳನ್ನೂ ಹೆಂಗಸರು ಮಕ್ಕಳನ್ನೂ ಯುರೋಪಿಗೆ ಸಾಗಿಸಿತು. ಸಭೆಗಳ ಹೊಣೆ ಹೆಚ್ಚುಹೆಚ್ಚಾಗಿ ಸ್ಥಳೀಯ ಪಾದ್ರಿಗಳ, ಉಪದೇಶಿಗಳ, ಅವರ ಹೆಂಡಂದಿರ ಮೇಲೆ ಬಿತ್ತು. ಆ ಕುಟುಂಬಗಳ ಕತೆಯನ್ನು ಯುರೋಪಿನ ಕುಟುಂಬಗಳ ಕತೆಗಿಂತಲೂ ಕಡಿಮೆ ಜನ ಬರೆದಿದ್ದಾರೆ. ಬಾಸೆಲಿನ ದಾಖಲೆಮನೆಯಲ್ಲೂ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಸಂಗ್ರಹದಲ್ಲೂ ಪತ್ರಗಳಿವೆ, ವರದಿಗಳಿವೆ, ಸಭಾ ದಾಖಲೆಗಳಿವೆ. ಹಳೆಯ ಜರ್ಮನ್ ಕೈಬರಹ ಓದಬಲ್ಲ ಕನ್ನಡ ಸಂಶೋಧಕರು ತಯಾರಾಗಬೇಕು. ಅದರ ಜೊತೆಗೇ ಕರಾವಳಿ, ಕೊಡಗು, ಧಾರವಾಡದ ಹಳೆಯ ಕ್ರೈಸ್ತ ಮನೆತನಗಳ ಅಜ್ಜಿಯರ ನೆನಪುಗಳನ್ನು ದಾಖಲಿಸಬೇಕು. ಮುಂದಿನ ಗೋಷ್ಠಿಗಳ ಪ್ರಬಂಧಗಳಿಗೆ ಈ ಎರಡೂ ಬಗೆಯ ಆಕರಗಳು ತಳಹದಿಯಾಗಬೇಕೆಂಬುದು ಈ ಸಂಕಿರಣದ ಆಶಯ.