ಸಿನಿಮಾದ ಕಟಕಟೆ, ಬಡವನ ಸಾಕ್ಷಿ



 ಈ ಸಮ್ಮೇಳನದಲ್ಲಿ ನನಗೆ ‘ಸಿನಿಮಾದಲ್ಲಿ ಕಾನೂನು ಮತ್ತು ನ್ಯಾಯ’ ಎಂಬ ದೊಡ್ಡ ವಿಷಯ ಕೊಟ್ಟಿದ್ದೀರಿ. ನಾನು ಅದರೊಳಗಿನ ಒಬ್ಬನ ಬಗ್ಗೆ ಮಾತ್ರ ಮಾತಾಡುತ್ತೇನೆ. ಅವನು ಸಾಕ್ಷಿ.

1971ರಲ್ಲಿ ರಾಜಕುಮಾರರ ‘ನ್ಯಾಯವೇ ದೇವರು’ ಬಂತು. 1982ರಲ್ಲಿ ಶಂಕರ್‌ನಾಗ್ ನಟಿಸಿದ ‘ನ್ಯಾಯ ಎಲ್ಲಿದೆ’ ಬಂತು. ಆ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎತ್ತಿಕೊಂಡದ್ದು ಶಂಕರ್‌ನಾಗ್ ಅವರೇ ನಿರ್ದೇಶಿಸಿದ 1985ರ ‘ಆಕ್ಸಿಡೆಂಟ್’. ರಸ್ತೆ ಬದಿ ಮಲಗಿದ್ದ ಬಡವರ ಮೇಲೆ ರಾಜಕಾರಣಿಯ ಮಗನ ಕಾರು ಹರಿಯುತ್ತದೆ, ಅಧಿಕಾರ ಅದನ್ನು ಮುಚ್ಚಿಹಾಕಲು ಹೊರಡುತ್ತದೆ. ಉಳಿದ ಬಹಳಷ್ಟು ಚಿತ್ರಗಳಲ್ಲಿ ನಾಯಕನೇ ಪೊಲೀಸು, ಅವನೇ ಜಡ್ಜು, ಗಲ್ಲಿಗೇರಿಸುವವನೂ ಅವನೇ. ಕಟಕಟೆಯಲ್ಲಿ ಭಗವದ್ಗೀತೆ ಮುಟ್ಟಿಸುತ್ತಾರೆ. 1969ರ ಪ್ರಮಾಣವಚನ ಕಾಯ್ದೆ ಯಾವ ಗ್ರಂಥವನ್ನೂ ಕೇಳುವುದಿಲ್ಲ. ಹೋಗಲಿ, ಅದು ಸಣ್ಣ ತಪ್ಪು. ವಕೀಲನ ಅಬ್ಬರಕ್ಕೆ ಹತ್ತು ನಿಮಿಷ ಕೊಟ್ಟು, ಕೂಲಿ ಬಿಟ್ಟು ಬಂದು ನಿಂತ ಸಾಕ್ಷಿಗೆ ಎರಡು ಮಾತು ಕೊಡುವುದು ಮಾತ್ರ ದೊಡ್ಡ ತಪ್ಪು.

ಹಿಂದೆ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇದ್ದ ಗಂಗಾವತಿಯ ಕಡೆ ನೋಡಿ. 2014ರ ಆಗಸ್ಟ್‌ನಲ್ಲಿ ಅಲ್ಲಿನ ಚಿತ್ರಮಂದಿರದಲ್ಲಿ ಟಿಕೆಟ್‌ಗಾಗಿ ಜಗಳವಾಯಿತು. ಅದು ಮರಕುಂಬಿ ಎಂಬ ಊರಿನ ದಲಿತರ ಕೇರಿಗೆ ಬೆಂಕಿಯಾಗಿ ಬಂತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದೆ ಹೈಕೋರ್ಟಿನಲ್ಲಿ ಅವರಲ್ಲಿ ಬಹುಪಾಲು ಜನರಿಗೆ ಜಾಮೀನು ಸಿಕ್ಕಿತು. ಸಿನಿಮಾ ನೋಡಲು ಹೋದಲ್ಲಿ ಹುಟ್ಟಿದ ಈ ಪ್ರಕರಣದ ಸಿನಿಮಾ ಯಾರು ಮಾಡಬೇಕು? ಮಾಡುವವರು ತೀರ್ಪಿನ ದಿನದಿಂದ ಶುರು ಮಾಡಬಾರದು. ಅದೇ ಊರಲ್ಲಿ, ಅದೇ ಹೊಲಗಳಲ್ಲಿ ದುಡಿಯುತ್ತ, ಸಾಕ್ಷಿಗಳು ಹತ್ತು ವರ್ಷ ತಮ್ಮ ಮಾತಿಗೆ ಅಂಟಿಕೊಂಡು ಬದುಕುವುದು ಹೇಗೆ ಎಂಬಲ್ಲಿಂದ ಶುರು ಮಾಡಬೇಕು. ಹಾಗೆ ಮಾತಿಗೆ ಅಂಟಿಕೊಳ್ಳುವುದು ಎಲ್ಲ ಕಡೆಯೂ ಆಗುವುದಿಲ್ಲ. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಸಾಕ್ಷಿ ತಿರುಗಿಬಿದ್ದ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅವನನ್ನು ಏನು ತಿರುಗಿಸಿತು ಎಂದು ಕೇಳುವ ಕನ್ನಡ ಚಿತ್ರವನ್ನು ನಾನು ಕಾಯುತ್ತಿದ್ದೇನೆ.

ಕೋರ್ಟಿನ ಒಂದೂ ದೃಶ್ಯ ಬೇಕಿಲ್ಲದೆ ಈ ಸಂಕಟವನ್ನು ಮುಟ್ಟಿದ ಚಿತ್ರ ನಮ್ಮ ಮಣ್ಣಿನಿಂದಲೇ ಹುಟ್ಟಿದೆ. ಮಾನ್ವಿ ಸೀಮೆಯ ಅಮರೇಶ ನುಗಡೋಣಿಯವರ ‘ಸವಾರಿ’ ಕಥೆಯನ್ನು ಗಿರೀಶ ಕಾಸರವಳ್ಳಿ ‘ಕನಸೆಂಬ ಕುದುರೆಯನೇರಿ’ ಮಾಡಿದರು. ಬೀದರಿನ ವೈಜನಾಥ ಬಿರಾದಾರ ಅದರಲ್ಲಿ ಹೆಣ ಹೂಳಲು ಗುಂಡಿ ತೋಡುವ ಇರ‍್ಯಾ. ಇರ‍್ಯಾನ ಕನಸಿಗೆ ಸಿದ್ಧ ಬಂದರೆ ಊರಲ್ಲಿ ಸಾವಾಗಿದೆ ಎಂದರ್ಥ. ಹಾಗೆಯೇ ಊರಗೌಡ ಸತ್ತದ್ದು ಅವನಿಗೆ ಗೊತ್ತಾಗುತ್ತದೆ. ಲಾಭಕ್ಕಾಗಿ ಆ ಸಾವನ್ನು ಮುಚ್ಚಿಟ್ಟವರು, ಗೌಡ ಬದುಕಿದ್ದಾನೆ ಎಂದು ಇವನನ್ನು ಸಾಗಹಾಕುತ್ತಾರೆ. ನಿಜ ಹೇಳಿದವನಿಗೇ ತನ್ನ ನಿಜದ ಮೇಲೆ ಅನುಮಾನ ಹುಟ್ಟುತ್ತದೆ. ದೊಡ್ಡವರ ಸುಳ್ಳಿನ ಎದುರು ಬಡವನ ಮಾತಿಗೆ ತೂಕವೆಷ್ಟು ಎಂಬುದನ್ನು ಇಷ್ಟು ನೋವಿನಿಂದ ಹೇಳಿದ ಇನ್ನೊಂದು ಕನ್ನಡ ಚಿತ್ರ ನನಗೆ ನೆನಪಾಗುತ್ತಿಲ್ಲ.

ಮರಾಠಿಯ ‘ಕೋರ್ಟ್’ ಮುಂದೂಡಿಕೆಯ ಬೇಸರವನ್ನೇ ಕಥೆ ಮಾಡಿತು. ತಮಿಳಿನ ‘ಜೈ ಭೀಮ್’ ಇರುಳ ಬುಡಕಟ್ಟಿನ ಹೆಣ್ಣುಮಗಳ ಹಟವನ್ನು ಹೈಕೋರ್ಟಿನವರೆಗೆ ಹಿಂಬಾಲಿಸಿತು. ಸಿನಿಮಾದ ಹುಚ್ಚು ಹಿಡಿಸಿಕೊಂಡ ನಮ್ಮ ಹುಡುಗ ಹುಡುಗಿಯರೂ ದೇವದುರ್ಗದ ನ್ಯಾಯಾಲಯದ ಆವರಣದಲ್ಲಿ ಒಂದು ವಾರ ಸುಮ್ಮನೆ ಕೂರಲಿ. ಜೀವನಾಂಶ ಕೇಳಿ ಬಂದವಳು, ಬದುವಿನ ದಾವೆಯಲ್ಲಿ ಅಪ್ಪನ ಜಾಗಕ್ಕೆ ಬಂದ ಮಗ, ಬಸ್ ಚಾರ್ಜ್ ಸಾಲ ಮಾಡಿ ಬಂದು ಮುಂದಿನ ತಾರೀಖು ಬರೆಸಿಕೊಂಡು ಹೋಗುವ ಮುದುಕ, ಇವರ ಮಾತಿನ ಧಾಟಿಯನ್ನು ಕಿವಿಗೆ ಹಾಕಿಕೊಳ್ಳಲಿ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಪರಿಶಿಷ್ಟರಿಗೂ ಹೆಣ್ಣುಮಕ್ಕಳಿಗೂ ಉಚಿತ ವಕೀಲರ ನೆರವು ಉಂಟು. ಯಾವ ಚಿತ್ರದ ನಾಯಕನೂ ಇದನ್ನು ಹೇಳಿದ್ದು ನಾನು ಕೇಳಿಲ್ಲ.

ಸಂಘಟಕರಲ್ಲಿ ನನ್ನದೊಂದು ಕೋರಿಕೆ. ಈ ಸಮ್ಮೇಳನದ ಉಳಿಕೆ ಹಣದಲ್ಲಿ ಇರ‍್ಯಾನ ಚಿತ್ರವನ್ನು ಮಾನ್ವಿಯಲ್ಲಿ, ದೇವದುರ್ಗದಲ್ಲಿ ತೋರಿಸಿ. ವಕೀಲರನ್ನೂ ಪೊಲೀಸರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ. ಚಿತ್ರ ಮುಗಿದ ಮೇಲೆ ಮೈಕನ್ನು ಮೊದಲು ಕೇರಿಯ ಜನರ ಕೈಗೆ ಕೊಡಿ.