ಮಾದರಿ ಏಕೆ ನಿಂತಿತು? ಬ್ಯಾಟರಿ ಮತ್ತು ಪವರ್ ಸಪ್ಲೈ ಕುರಿತು ಕೆಲವು ಮಾತು
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರಿಗೆ ಬ್ಯಾಟರಿಯ ಗೊಡವೆ ಏಕೆ ಎಂದು ಹಿರಿಯರು ಕೇಳಬಹುದು. ಎಲೆಕ್ಟ್ರಾನಿಕ್ಸ್ ನನಗೆ ಹವ್ಯಾಸ ಮಾತ್ರ. ಆದರೆ ಈ ವಿಷಯದ ಒಂದು ಸಣ್ಣ ಅಜ್ಞಾನದಿಂದ ನಮ್ಮ ಶಾಲೆಯ ಹುಡುಗನೊಬ್ಬನಿಗೆ ಆದ ನಷ್ಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಇಂದು ಈ ವಿಷಯ ಆರಿಸಿಕೊಂಡೆ.

ಆ ಹುಡುಗ ಎಂಟನೇ ತರಗತಿಯವನು. ವಿಜ್ಞಾನ ಪ್ರದರ್ಶನಕ್ಕೆಂದು ಅಣೆಕಟ್ಟಿನ ಬಾಗಿಲು ತಾನಾಗಿಯೇ ಏಳುವ ಮಾದರಿ ಮಾಡಿದ್ದ. ಒಂದು ಪುಟ್ಟ ಮೋಟಾರು, ಒಂದು 9 ವೋಲ್ಟ್ ಬ್ಯಾಟರಿ. ಮನೆಯಲ್ಲಿ ಚೆನ್ನಾಗಿ ಓಡಿತ್ತು. ಪ್ರದರ್ಶನದ ದಿನ ಬೆಳಗಿನಿಂದ ಬಂದವರಿಗೆಲ್ಲ ತೋರಿಸಿ ತೋರಿಸಿ, ತೀರ್ಪುಗಾರರು ಬರುವ ಹೊತ್ತಿಗೆ ಮೋಟಾರು ಗುಂಯ್ ಎಂದು ಸದ್ದು ಮಾಡಿತೇ ಹೊರತು ತಿರುಗಲಿಲ್ಲ. ಹುಡುಗ ಮಲ್ಟಿಮೀಟರ್ ಹಿಡಿದು ನೋಡಿದ. 8.4 ವೋಲ್ಟ್ ತೋರಿಸಿತು. "ಬ್ಯಾಟರಿ ಸರಿ ಇದೆ ಸರ್, ನಾನು ಮಾಡಿದ್ದೇ ತಪ್ಪು" ಎಂದು ಎಲ್ಲರ ಮುಂದೆಯೇ ವೈರುಗಳನ್ನೆಲ್ಲ ಕಿತ್ತುಹಾಕಿದ. ಆಮೇಲೆ ನಾನೆಷ್ಟು ಕರೆದರೂ ವಿಜ್ಞಾನ ಸಂಘದ ಕಡೆ ತಲೆ ಹಾಕಲಿಲ್ಲ. ಅವನ ವೈರಿಂಗ್‌ನಲ್ಲಿ ಒಂದು ತಪ್ಪೂ ಇರಲಿಲ್ಲ. ಅದು ನನಗೆ ತಿಳಿದದ್ದು ತಿಂಗಳುಗಳ ನಂತರ. ಅಷ್ಟರಲ್ಲಿ ಹೇಳಿ ಪ್ರಯೋಜನವಿರಲಿಲ್ಲ.

ಹಾಗಾದರೆ ಮೀಟರು ಸುಳ್ಳು ಹೇಳಿತೇ? ಇಲ್ಲ. ನಿಮ್ಮ ಮನೆಯ ಮೇಲಿನ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಟ್ಯಾಂಕ್ ತುಂಬಿದೆ, ಆದರೆ ಪೈಪಿನೊಳಗೆ ಪಾಚಿ ಕಟ್ಟಿದೆ. ನಲ್ಲಿ ಮುಚ್ಚಿದ್ದಾಗ ಪೈಪಿನಲ್ಲಿ ಪೂರ್ಣ ಒತ್ತಡ ಇರುತ್ತದೆ. ನಲ್ಲಿ ತಿರುಗಿಸಿದರೆ ಮಾತ್ರ ನೀರು ಸಣ್ಣಗೆ ಇಳಿಯುತ್ತದೆ. ಬ್ಯಾಟರಿಯಲ್ಲಿ ಈ ಪಾಚಿಯ ಕೆಲಸ ಮಾಡುವುದು ಆಂತರಿಕ ರೋಧ. ಮೀಟರು ಕರೆಂಟನ್ನು ಎಳೆಯುವುದೇ ಇಲ್ಲ ಎನ್ನುವಷ್ಟು ಕಡಿಮೆ ಎಳೆಯುತ್ತದೆ, ಆದ್ದರಿಂದ ಅದಕ್ಕೆ 8.4 ಕಾಣಿಸಿತು. ಮೋಟಾರಿಗೆ ಬೇಕಾಗುವುದು ನೂರಾರು ಮಿಲಿಆಂಪಿಯರ್, ಹೊರಡುವ ಕ್ಷಣದಲ್ಲಿ ಅದರ ಕೆಲವು ಪಟ್ಟು. ಲೆಕ್ಕ ಹಾಕೋಣ. ಸವೆದ ಬ್ಯಾಟರಿಯ ಆಂತರಿಕ ರೋಧ 30 ಓಮ್ ಎಂದಿಟ್ಟುಕೊಳ್ಳಿ. 200 ಮಿಲಿಆಂಪಿಯರ್ ಎಳೆದರೆ 30 × 0.2, ಅಂದರೆ 6 ವೋಲ್ಟ್ ಬ್ಯಾಟರಿಯ ಹೊಟ್ಟೆಯಲ್ಲೇ ಉಳಿಯುತ್ತದೆ. ಮೋಟಾರಿಗೆ ದಕ್ಕುವುದು 2.4 ಮಾತ್ರ. ಹತ್ತನೇ ತರಗತಿಯ ಓಮ್‌ನ ನಿಯಮ ಇಷ್ಟೇ, ಆದರೆ ನಾವು ಅದನ್ನು ಪರೀಕ್ಷೆಯ ಹಾಳೆಯ ಮೇಲೇ ಬಿಟ್ಟು ಬರುತ್ತೇವೆ.

ನನ್ನ ಬಾಲ್ಯದಲ್ಲಿ ಅಬ್ಬಾ ರೇಡಿಯೋದ ಶೆಲ್‌ಗಳು ಸೋತಾಗ ಕಿಟಕಿಯ ಬಿಸಿಲಿಗೆ ಇಡುತ್ತಿದ್ದರು. ಸಂಜೆ ವಾರ್ತೆಗಳು ಮತ್ತೆ ಕೇಳುತ್ತಿದ್ದವು. ಶೆಲ್ ತುಂಬಿಕೊಂಡಿತು ಎಂದು ನಾವೆಲ್ಲ ನಂಬಿದ್ದೆವು. ಬಿಸಿಲು ಏನನ್ನೂ ತುಂಬುವುದಿಲ್ಲ. ಬೆಚ್ಚಗಾದಾಗ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ, ರೋಧ ಸ್ವಲ್ಪ ಇಳಿದು, ಉಳಿದಿದ್ದ ಶಕ್ತಿ ಹೊರಗೆ ಬರುತ್ತಿತ್ತು, ಅಷ್ಟೇ. ನೀವು ಇದನ್ನು ಮಾಡಲು ಹೋಗಬೇಡಿ, ಹಳೆಯ ಶೆಲ್ ಸೋರಿ ಉಪಕರಣವನ್ನೇ ತಿಂದುಬಿಡುತ್ತದೆ.

9 ವೋಲ್ಟ್ ಬ್ಯಾಟರಿಯನ್ನು ಒಮ್ಮೆ ಬಿಚ್ಚಿದವರಿಗೆ ಗೊತ್ತು, ಒಳಗೆ 1.5 ವೋಲ್ಟಿನ ಆರು ಪುಟಾಣಿ ಕೋಶಗಳು ಸಾಲಾಗಿ ಇರುತ್ತವೆ. ಚಿಕ್ಕ ಹೊಟ್ಟೆಗೆ ಎಷ್ಟು ಹಿಡಿಯುತ್ತದೆ? ಸುಮಾರು 400ರಿಂದ 500 ಮಿಲಿಆಂಪಿಯರ್-ಗಂಟೆ. ಮಲ್ಟಿಮೀಟರಿಗೆ, ಹೊಗೆ ಸೂಚಕಕ್ಕೆ, ಒಂದೆರಡು ಎಲ್‌ಇಡಿಗಳಿಗೆ ಅದು ತಕ್ಕದ್ದು. ಮೋಟಾರಿಗೆ ತಕ್ಕದ್ದಲ್ಲ. ಮೋಟಾರು ಇರುವ ಮಾದರಿಗೆ ನಾಲ್ಕು ಪೆನ್ಸಿಲ್ ಶೆಲ್‌ಗಳನ್ನು ಹಿಡಿಕೆಯಲ್ಲಿ ಹಾಕಿ. 6 ವೋಲ್ಟ್ ಆಗುತ್ತದೆ. ಆಲ್ಕಲೈನ್ ಆದರೆ ಒಂದೊಂದರಲ್ಲೂ ಸುಮಾರು 2000 ಮಿಲಿಆಂಪಿಯರ್-ಗಂಟೆ ಇರುತ್ತದೆ. ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕಲ್ ಶೆಲ್ 1.2 ವೋಲ್ಟಿನದು, ನಾಲ್ಕಕ್ಕೆ 4.8 ಸಿಗುತ್ತದೆ, ಆದರೆ ಮೋಟಾರಿಗೆ ಅದು ಇನ್ನೂ ಧಾರಾಳವಾಗಿ ಕರೆಂಟು ಕೊಡುತ್ತದೆ. ಹೊಸದರ ಜೊತೆ ಹಳೆಯದನ್ನು ಸೇರಿಸಿದರೆ ಹಳೆಯದು ಮೊದಲು ಬರಿದಾಗಿ, ಉಳಿದವು ಅದರ ಮೂಲಕ ಉಲ್ಟಾ ತಳ್ಳಿ ಅದನ್ನು ಸೋರಿಸುತ್ತವೆ.

ಪರೀಕ್ಷಿಸುವ ಬಗೆ ಹೀಗೆ: 9 ವೋಲ್ಟ್ ಬ್ಯಾಟರಿಯ ಎರಡು ತುದಿಗೆ 100 ಓಮ್‌ನ, 1 ವ್ಯಾಟ್‌ನ ರೆಸಿಸ್ಟರ್ ಮುಟ್ಟಿಸಿ, ಅದು ಮುಟ್ಟಿರುವಾಗಲೇ ವೋಲ್ಟ್ ಓದಿ. ಎರಡು ಮೂರು ಸೆಕೆಂಡು ಸಾಕು, ರೆಸಿಸ್ಟರ್ ಬಿಸಿಯಾಗುತ್ತದೆ. 7ಕ್ಕಿಂತ ಕೆಳಗೆ ಕುಸಿದರೆ ಆ ಬ್ಯಾಟರಿಯನ್ನು ಎಲ್‌ಇಡಿಗೆ ಮೀಸಲಿಡಿ. ಮೀಟರಿನ ಗುಂಡಿ ಮಾತ್ರ ವೋಲ್ಟ್ ಮೇಲೆಯೇ ಇರಲಿ. ಆಂಪಿಯರ್ ಮೇಲಿಟ್ಟು ಬ್ಯಾಟರಿಗೆ ಮುಟ್ಟಿಸಿದರೆ ಶಾರ್ಟ್ ಮಾಡಿದ ಹಾಗೆ. ನಾನು ಕೊಂಡ ಮೊದಲ ಮೀಟರಿನ ಫ್ಯೂಸ್ ಹೋದದ್ದು ಹೀಗೆಯೇ, ಕೊಂಡ ದಿನವೇ.

ಇಡೀ ದಿನ ಓಡಬೇಕಾದ ಮಾದರಿಗೆ ಗೋಡೆಯ ಕರೆಂಟೇ ಗತಿ. ದೊಡ್ಡ ಹುಡುಗರು ತಾವೇ ಸಪ್ಲೈ ಕಟ್ಟಲು ಇಷ್ಟಪಡುತ್ತಾರೆ: 9 ವೋಲ್ಟಿನ ಟ್ರಾನ್ಸ್‌ಫಾರ್ಮರ್, ನಾಲ್ಕು 1ಎನ್4007 ಡಯೋಡ್, 25 ವೋಲ್ಟ್ ತಾಳುವ 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಒಂದು 7805. ಇವೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಎರಡು ಮಾತು ನೆನಪಿಡಿ. 9 ವೋಲ್ಟ್ ಎ.ಸಿ. ಎಂದರೆ ಕೆಪಾಸಿಟರ್ ಮೇಲೆ ಸುಮಾರು 11 ವೋಲ್ಟ್ ಡಿ.ಸಿ. 7805 ಅದನ್ನು 5ಕ್ಕೆ ಇಳಿಸುವಾಗ ಮಿಕ್ಕ 6 ವೋಲ್ಟನ್ನು ಶಾಖ ಮಾಡುತ್ತದೆ. 300 ಮಿಲಿಆಂಪಿಯರಿಗೆ 1.8 ವ್ಯಾಟ್ ಆಯಿತು, ಬೆನ್ನಿಗೊಂದು ಅಲ್ಯೂಮಿನಿಯಂ ತಗಡು ಬೇಕೇ ಬೇಕು. ಇನ್ನು ಕೆಪಾಸಿಟರಿನ ಪ್ಲಸ್ ಮೈನಸ್ ತಿರುಗಿಸಿದರೆ ಅದು ಪಟಾಕಿಯಂತೆ ಸಿಡಿಯುತ್ತದೆ. 230 ವೋಲ್ಟಿನ ಕಡೆಯ ವೈರನ್ನು ವಿದ್ಯಾರ್ಥಿಗಳು ಒಬ್ಬರೇ ಮುಟ್ಟಕೂಡದು. ಪುಟ್ಟ ಮಕ್ಕಳಿಗೆ ಬಿ.ಐ.ಎಸ್. ಗುರುತಿರುವ 5 ವೋಲ್ಟಿನ ಮೊಬೈಲ್ ಚಾರ್ಜರ್ ಸಾಕು. ಅದನ್ನು ಬಿಚ್ಚಬಾರದು.

ಪೋಷಕರಿಗೆ ಒಂದು ಮಾತು. ಹಳೆಯ ಮೊಬೈಲಿನ ಲಿಥಿಯಂ ಬ್ಯಾಟರಿಗಳನ್ನು ಮಕ್ಕಳು ಕಿತ್ತು ಮಾದರಿಗೆ ಹಾಕುವುದನ್ನು ನೋಡುತ್ತಿದ್ದೇನೆ. ಅದು 4.2 ವೋಲ್ಟ್ ದಾಟುವಂತೆ ಚಾರ್ಜ್ ಆದರೆ, ಮೊಳೆ ಚುಚ್ಚಿದರೆ, ಶಾರ್ಟ್ ಆದರೆ ಹೊತ್ತಿ ಉರಿಯಬಹುದು. ಚಾರ್ಜರಿನ 5 ವೋಲ್ಟನ್ನು ನೇರವಾಗಿ ಕೊಡಲೇಬಾರದು, ಅದಕ್ಕೆಂದೇ ಇರುವ ಚಾರ್ಜಿಂಗ್ ಬೋರ್ಡ್ ಬೇಕು. ಉಬ್ಬಿದ ಬ್ಯಾಟರಿ ಕಂಡರೆ ಆ ಕೂಡಲೇ ಮನೆಯಿಂದ ಹೊರಗಿಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಇವನ್ನು ಮನೆಯ ಕಸದ ಜೊತೆ ಹಾಕುವಂತಿಲ್ಲ, ಬೇರೆಯಾಗಿಯೇ ಕೊಡಬೇಕು.

ಮೇಜಿನ ಮೇಲೆ ಮೀಟರು, 100 ಓಮ್‌ನ ರೆಸಿಸ್ಟರು ಇಟ್ಟಿದ್ದೇನೆ. ಮನೆಯಿಂದ ಹಳೆಯ 9 ವೋಲ್ಟ್ ಬ್ಯಾಟರಿ ತಂದಿರುವವರು ಊಟದ ನಂತರ ಇಲ್ಲಿಗೆ ಬನ್ನಿ, ಒಂದೊಂದನ್ನೇ ಅಳೆಯೋಣ.